ಊರಿಗೆಲ್ಲ ಒಂದೇ ಗಾಳಿಯಲ್ಲ: ಗಣಿಗೆ ಹಕ್ಕಿ ಕಳಿಸಿದ ಹಾಲ್ಡೇನ್ ಮತ್ತು ನಮ್ಮ ಕೆಜಿಎಫ್

ಕಳೆದ ಚಳಿಗಾಲದಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದೇ ವಾರ ಎರಡು ಫಾರ್ವರ್ಡ್ ಬಂದವು. ಮೊದಲನೆಯದು ಯಾವುದೋ ಆ್ಯಪಿನ ಸ್ಕ್ರೀನ್‌ಶಾಟ್. ಕೋಲಾರದ ಗಾಳಿ ಹಸಿರು ಬಣ್ಣದಲ್ಲಿದೆ, ಬೆಂಗಳೂರು ಬಿಟ್ಟು ನಮ್ಮ ಕಡೆ ಬನ್ನಿ ಎಂಬ ಆಹ್ವಾನ. ಎರಡನೆಯದರಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಫೋಟೊ, ಮೇಲೆ ಕೆಂಪು ಅಕ್ಷರದಲ್ಲಿ ಇಲ್ಲಿ ಉಸಿರಾಡಿದರೆ ಸಾವು ಎಂಬ ಎಚ್ಚರಿಕೆ. ಎರಡನ್ನೂ ಕಳಿಸಿದವರು ಒಬ್ಬರೇ ಚಿಕ್ಕಪ್ಪ. ಮಾರಿಕುಪ್ಪಂ ಸ್ಟೇಷನ್ ಹತ್ತಿರ ಮನೆ ಇರುವ ನಮ್ಮ ಸೋದರತ್ತೆ ಮಾತ್ರ ನೇರವಾಗಿ ಕೇಳಿಬಿಟ್ಟರು, ಇದರಲ್ಲಿ ಯಾವುದನ್ನು ನಂಬಲಿ, ಕಿಟಕಿ ತೆಗೆದಿಡಲೋ ಮುಚ್ಚಿಡಲೋ ಎಂದು.

ಎರಡನ್ನೂ ನಂಬಬೇಕಿಲ್ಲ. ಒಂದು ಹೊಗಳುತ್ತದೆ, ಇನ್ನೊಂದು ಹೆದರಿಸುತ್ತದೆ, ಆದರೆ ಎರಡೂ ಮಾಡುವ ತಪ್ಪು ಒಂದೇ. ಊರಿಗೆಲ್ಲ ಒಂದೇ ಗಾಳಿ ಇರುತ್ತದೆ, ಅದಕ್ಕೆ ಒಂದೇ ನಂಬರ್ ಸಾಕು ಎಂದುಕೊಂಡಿವೆ.

ಈ ತಪ್ಪನ್ನು ತಿದ್ದುವುದರಲ್ಲೇ ಆಯುಷ್ಯ ಕಳೆದ ಒಬ್ಬ ವಿಜ್ಞಾನಿಯ ಕೆಲಸದ ಒಂದು ತುಣುಕು ನಿಮ್ಮ ಫೋನಿಗೂ ಬಂದಿರುತ್ತದೆ. ಕಲ್ಲಿದ್ದಲು ಗಣಿಗೆ ಪಂಜರದಲ್ಲಿ ಹಳದಿ ಹಕ್ಕಿ ಒಯ್ಯುವ ಹಳೆಯ ಫೋಟೊ ನೋಡಿದ್ದೀರಲ್ಲ? ಆ ಹಕ್ಕಿಯ ಹಿಂದಿದ್ದವರು ಜಾನ್ ಸ್ಕಾಟ್ ಹಾಲ್ಡೇನ್. ಅವರು ಕೆಲಸ ಮಾಡಿದ್ದು ಬ್ರಿಟನ್ನಿನ ಗಣಿ, ಚರಂಡಿ, ಕೊಳೆಗೇರಿಗಳಲ್ಲಿ. ಆದರೆ ಅವರ ಕಥೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಬಂಗಾರಪೇಟೆ ಜಂಕ್ಷನ್ನು ಮತ್ತು ಅತ್ತೆಯ ಮನೆಯ ಕಿಟಕಿ.

ರಾತ್ರಿ ಬಾಗಿಲು ತಟ್ಟಿದ ಡಾಕ್ಟರು

ಹಾಲ್ಡೇನ್ ಹುಟ್ಟಿದ್ದು 1860ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಸ್ಥಿತಿವಂತ ಮನೆತನ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧ ಮಂತ್ರಿಯಾದರು. ತಮ್ಮ 1884ರಲ್ಲಿ ವೈದ್ಯಕೀಯ ಮುಗಿಸಿದರೂ ಕ್ಲಿನಿಕ್ ತೆರೆದು ರೋಗಿಗಳನ್ನು ನೋಡುತ್ತ ಕೂರಲಿಲ್ಲ. ಡಂಡೀ ಎಂಬ ಸೆಣಬಿನ ಮಿಲ್ಲುಗಳ ಊರಿಗೆ ಹೋಗಿ ಗಾಳಿ ಅಳೆಯತೊಡಗಿದರು.

ಆ ಕಾಲಕ್ಕೆ ಕೆಟ್ಟ ಗಾಳಿ ಎಂದರೆ ಕೆಟ್ಟ ವಾಸನೆ ಎಂಬ ನಂಬಿಕೆ ಇತ್ತು. ವಾಸನೆ ಇದ್ದರೆ ರೋಗ ಬಂತೆಂದೇ ಲೆಕ್ಕ. ಹಾಲ್ಡೇನ್ ಮತ್ತು ಇಬ್ಬರು ಸಹೋದ್ಯೋಗಿಗಳು ಗಾಜಿನ ಪಾತ್ರೆಗಳನ್ನು ಹಿಡಿದು ಮಧ್ಯರಾತ್ರಿ ಕಳೆದ ಮೇಲೆ ಬಡವರ ಮನೆಗಳ ಬಾಗಿಲು ತಟ್ಟಿದರು, ಮುಂಚೆ ತಿಳಿಸದೆ. ರಾತ್ರಿಯೇ ಏಕೆ? ಹಗಲು ಬಾಗಿಲು ತೆರೆದಿರುತ್ತದೆ, ಜನ ಹೊರಗಿರುತ್ತಾರೆ. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಿ, ಕಿಟಕಿ ಮುಚ್ಚಿರುವಾಗ ಸೇದುವ ಗಾಳಿಯೇ ಆ ಮನೆಯ ನಿಜವಾದ ಗಾಳಿ ಎಂಬುದು ಅವರ ವಾದ. ಒಂದೇ ಕೋಣೆಯ ಮನೆ, ಎರಡು ಕೋಣೆಯ ಮನೆ, ಅದಕ್ಕಿಂತ ದೊಡ್ಡ ಮನೆ ಎಂದು ವಿಂಗಡಿಸಿ ಕಾರ್ಬನ್ ಡೈಆಕ್ಸೈಡ್ ಮತ್ತು ಸೂಕ್ಷ್ಮಜೀವಿಗಳನ್ನು ಎಣಿಸಿದರು. ಅದೇ ಊರು, ಅದೇ ರಾತ್ರಿ. ಆದರೂ ಒಂದು ಕೋಣೆಯ ಮನೆಯ ಗಾಳಿ ದೊಡ್ಡ ಮನೆಯದಕ್ಕಿಂತ ಬಹಳ ಕೆಟ್ಟಿತ್ತು, ಆ ಮನೆಗಳಲ್ಲಿ ಸಾವಿನ ಪ್ರಮಾಣವೂ ಹೆಚ್ಚಿತ್ತು. 1887ರಲ್ಲಿ ಇದು ಪ್ರಕಟವಾಯಿತು.

ಡಂಡೀಯ ಈ ಭಾಗ ಓದುವಾಗ ಕೆಜಿಎಫ್‌ನ ಲೈನ್ ಮನೆಗಳು ಕಣ್ಣಮುಂದೆ ಬರುತ್ತವೆ. ಗಣಿ ಕೂಲಿಗಳಿಗೆ ಕಟ್ಟಿದ, ಒಂದಕ್ಕೊಂದು ಅಂಟಿಕೊಂಡ ಸಾಲು ಕೋಣೆಗಳು. ಅನತಿ ದೂರದಲ್ಲೇ ಯುರೋಪಿಯನ್ ಅಧಿಕಾರಿಗಳ ತೋಟವಿದ್ದ ಬಂಗಲೆಗಳು. ಊರಿನ ಹೆಸರು ಒಂದೇ, ಪಿನ್‌ಕೋಡ್ ಬೇಕಾದರೂ ಒಂದೇ ಇರಲಿ, ರಾತ್ರಿ ಮಲಗಿದವರು ಸೇದಿದ ಗಾಳಿ ಮಾತ್ರ ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಅಂದಹಾಗೆ ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ರಾತ್ರಿ ಅದು ಆಮ್ಲಜನಕ ನುಂಗಿ ನಿಮ್ಮನ್ನು ಸಾಯಿಸುತ್ತದೆ ಎಂಬ ಫಾರ್ವರ್ಡ್ ಇದೆಯಲ್ಲ, ಅದಕ್ಕೂ ಇಲ್ಲೇ ಉತ್ತರವಿದೆ. ಹಾಲ್ಡೇನ್ ಗಾಳಿಯಾಡದ ಪೆಟ್ಟಿಗೆಯೊಳಗೆ ತಾವೇ ಗಂಟೆಗಟ್ಟಲೆ ಕೂತು ಪ್ರಯೋಗ ಮಾಡಿದ್ದರು. ಮನುಷ್ಯ ಬಿಡುವ ಕಾರ್ಬನ್ ಡೈಆಕ್ಸೈಡ್ ಸಾಕಷ್ಟು ಏರಿದ ಮೇಲೆ ಏದುಸಿರು, ತಲೆನೋವು ಶುರುವಾಗುತ್ತದೆ, ಆದರೆ ಸಾಮಾನ್ಯ ಕೋಣೆಯ ಉಸಿರುಕಟ್ಟು ಆಮ್ಲಜನಕ ಖಾಲಿಯಾಗಿ ಬರುವಂಥದ್ದಲ್ಲ. ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದರ ಮುಂದೆ ಕುಂಡದ ಗಿಡ ಬಿಡುವುದು ಲೆಕ್ಕಕ್ಕೇ ಇಲ್ಲ. ಗಿಡಕ್ಕೆ ಹೆದರುವವರು ಮೊದಲು ಗಂಡನನ್ನು ಹಾಲಿಗೆ ಕಳಿಸಬೇಕಾದೀತು.

ಒಂದು ಚರಂಡಿ ಕೊಲ್ಲಲಿಲ್ಲ, ಇನ್ನೊಂದು ಕೊಂದಿತು

ಲಂಡನ್ನಿನ ಸಂಸತ್ ಭವನದ ಕೆಳಗಿನ ಚರಂಡಿಯಿಂದ ರೋಗ ಬರುತ್ತದೆಂಬ ಗಾಬರಿ ಹುಟ್ಟಿದಾಗ ಹಾಲ್ಡೇನ್ ಅಲ್ಲಿಗೂ ಇಳಿದರು. ಫಲಿತಾಂಶ ಯಾರೂ ನಿರೀಕ್ಷಿಸದ್ದು. ವಾಸನೆ ಹೊಡೆಯುತ್ತಿದ್ದ ಆ ಚರಂಡಿಯ ಗಾಳಿಯಲ್ಲಿ ಜನರು ಹೆದರಿದಷ್ಟು ಸೂಕ್ಷ್ಮಜೀವಿಗಳೇ ಇರಲಿಲ್ಲ. ಕಿಕ್ಕಿರಿದ ಮನೆಗಳ ಗಾಳಿಯೇ ಅದಕ್ಕಿಂತ ಹಾಳಾಗಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಚರಂಡಿ ಗಾಳಿ ಸುರಕ್ಷಿತ ಎಂಬ ಹೊಸ ಸುಳ್ಳು ಹುಟ್ಟುತ್ತಿತ್ತು. 1895ರಲ್ಲಿ ಲಂಡನ್ ಬಳಿಯ ಈಸ್ಟ್ ಹ್ಯಾಮ್‌ನಲ್ಲಿ ಮ್ಯಾನ್‌ಹೋಲಿಗೆ ಇಳಿದ ಒಬ್ಬ ಕೆಲಸಗಾರ ಕುಸಿದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನ ಹಿಂದೆ ಮತ್ತೊಬ್ಬ. ಐದು ಮಂದಿ ಸತ್ತರು. ತನಿಖೆ ಮಾಡಿದ ಹಾಲ್ಡೇನ್ ಹಿಡಿದದ್ದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅದರ ಮೋಸ ಏನೆಂದರೆ, ಸ್ವಲ್ಪ ಇದ್ದಾಗ ಗಬ್ಬು ನಾರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸಿ ವಾಸನೆ ಹೋಯಿತೆಂದು ನಂಬಿಸುತ್ತದೆ.

ಈ ಘಟನೆ ನಡೆದು 130 ವರ್ಷ ಆಯಿತು. ನಮ್ಮ ಪತ್ರಿಕೆಗಳಲ್ಲಿ ಇವತ್ತಿಗೂ ಇದೇ ಸುದ್ದಿ ಇದೇ ಅನುಕ್ರಮದಲ್ಲಿ ಬರುತ್ತದೆ. ಒಬ್ಬ ಇಳಿದ, ಎತ್ತಲು ಇನ್ನೊಬ್ಬ ಇಳಿದ. ಮನುಷ್ಯರನ್ನು ಇಳಿಸಿ ಮಲಗುಂಡಿ ಸ್ವಚ್ಛ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಬಂದ ಮೇಲೂ ಜನರನ್ನು ಇಳಿಸುತ್ತಿರುವುದನ್ನು ಅಪಘಾತ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕೋಲಾರದ ಕಡೆಯ ಓದುಗರಿಗೆ ಇನ್ನೊಂದು ಮಾತು. ನಮ್ಮಲ್ಲಿ ಬತ್ತಿದ ತೆರೆದ ಬಾವಿಗಳು ಬೇಕಾದಷ್ಟಿವೆ. ಇಳಿಯುವ ಮುಂಚೆ ಲಾಟೀನು ಇಳಿಬಿಟ್ಟು ನೋಡುವ ಪದ್ಧತಿ ಹಿರಿಯರಿಗೆ ಗೊತ್ತು. ಅದು ಒಳ್ಳೆಯ ಪದ್ಧತಿಯೇ. ಗಾಳಿಯಲ್ಲಿ ಸಾಮಾನ್ಯವಾಗಿ ಸುಮಾರು 21% ಇರುವ ಆಮ್ಲಜನಕ 17%ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಮನುಷ್ಯ ಪ್ರಜ್ಞೆ ತಪ್ಪುವುದು ಅದಕ್ಕಿಂತ ಇನ್ನೂ ಕಡಿಮೆಯಾದಾಗ. ಆದರೆ ದೀಪ ಉರಿಯಿತೆಂದರೆ ಬಾವಿ ಸುರಕ್ಷಿತ ಎಂದಲ್ಲ. ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್‌ನಂಥ ವಿಷಾನಿಲಗಳು ದೀಪವನ್ನು ಆರಿಸದೆಯೇ ಮನುಷ್ಯನನ್ನು ಆರಿಸಬಲ್ಲವು. ಕೆಳಗೆ ಬಿದ್ದವರನ್ನು ನೋಡಿ ತಕ್ಷಣ ಹಾರಬೇಡಿ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ನಂಬರ್ 101 ಅಥವಾ 112.

ಹಕ್ಕಿ ಮೂಸಿ ಹೇಳುವುದಿಲ್ಲ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಸ್ಫೋಟದಲ್ಲಿ ಸತ್ತವರು ಸ್ಫೋಟದಿಂದಲೇ ಸತ್ತರು ಎಂದು ಎಲ್ಲರೂ ಅಂದುಕೊಳ್ಳುವುದು ಸಹಜ. ಹಾಲ್ಡೇನ್ ಶವಗಳನ್ನು ಪರೀಕ್ಷಿಸಿದರು. ಬಹುಪಾಲು ದೇಹಗಳಲ್ಲಿ ರಕ್ತ ಚೆರ್ರಿ ಹಣ್ಣಿನ ಕೆಂಪಾಗಿತ್ತು. ಅದು ಕಾರ್ಬನ್ ಮಾನಾಕ್ಸೈಡ್‌ನ ಗುರುತು. ಬೆಂಕಿಯಿಂದ ದೂರ ಇದ್ದು ಬದುಕಿದವರನ್ನು ಆಮೇಲೆ ಹರಡಿದ ಅನಿಲ ಕೊಂದಿತ್ತು.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಟವೆಲ್ ಹಾಕಿ ಕೂತವರ ಹಾಗೆ, ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಇದನ್ನು ಹಾಲ್ಡೇನ್ ತಮ್ಮ ಮೈಮೇಲೇ ಪ್ರಯೋಗಿಸಿ ತಿಳಿದರು. ಅಳತೆ ಮಾಡಿದ ಅನಿಲ ಸೇದುತ್ತ, ನಡುನಡುವೆ ರಕ್ತದ ಹನಿ ತೆಗೆದು ಬಣ್ಣ ನೋಡುತ್ತ, ತಮ್ಮ ಹಿಮೋಗ್ಲೋಬಿನ್ನಿನ ಅರ್ಧಕ್ಕಿಂತ ಹೆಚ್ಚು ಭಾಗ ವಿಷಕ್ಕೆ ಹೋಗುವವರೆಗೂ ಮುಂದುವರಿದರು. ಗಣಿಯಲ್ಲಿ ಹೀಗೆ ವಿಷ ಸೇದಿ ಮೇಲೆ ಬಂದ ಒಂದು ದಿನ, ತಾವು ಕ್ಷೇಮ ಎಂಬ ಟೆಲಿಗ್ರಾಂ ಅನ್ನು ಹೆಂಡತಿಗೆ ಒಂದರ ಹಿಂದೊಂದು ಕಳಿಸಿದ್ದರಂತೆ. ಕಳಿಸಿದ್ದು ಪ್ರತಿ ಬಾರಿಯೂ ಮರೆತುಹೋಗುತ್ತಿತ್ತು. ಆ ಅನಿಲ ಮೊದಲು ಕೆಡಿಸುವುದು ಬುದ್ಧಿಯನ್ನೇ. ಅಪಾಯ ಇದೆ ಎಂದು ತಿಳಿಯುವ ಹೊತ್ತಿಗೆ ಎದ್ದು ಹೋಗುವ ಶಕ್ತಿ ಉಳಿದಿರುವುದಿಲ್ಲ.

ಹಾಗಾಗಿಯೇ ಹಕ್ಕಿ ಬೇಕಾಯಿತು. ಇಲಿ ಅಥವಾ ಕ್ಯಾನರಿ ಹಕ್ಕಿಯನ್ನು ಜೊತೆಗೆ ಒಯ್ಯಬೇಕೆಂದು ಹಾಲ್ಡೇನ್ ಸಲಹೆ ಕೊಟ್ಟರು. ಫಾರ್ವರ್ಡ್‌ಗಳಲ್ಲಿ ಹಕ್ಕಿ ವಿಷವನ್ನು ಮೂಸಿ ಹೇಳುತ್ತದೆ ಎಂದಿರುತ್ತದೆ. ತಪ್ಪು. ಸಣ್ಣ ಪ್ರಾಣಿಗಳ ಉಸಿರಾಟವೂ ರಕ್ತಸಂಚಾರವೂ ಬಲು ವೇಗ, ಆದ್ದರಿಂದ ಅದೇ ಗಾಳಿಯಲ್ಲಿ ಅವುಗಳ ರಕ್ತಕ್ಕೆ ವಿಷ ಮನುಷ್ಯನಿಗಿಂತ ಬಹಳ ಮುಂಚೆ ತುಂಬಿಕೊಳ್ಳುತ್ತದೆ. ಹಕ್ಕಿ ಕೋಲಿನಿಂದ ಜೋಲಿ ಹೊಡೆದಾಗ ಮನುಷ್ಯನಿಗೆ ಹಿಂದಿರುಗಲು ಕೆಲವು ನಿಮಿಷ ಸಿಗುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕ್ಯಾನರಿಗಳು ಕೆಲಸದಲ್ಲಿದ್ದವು. ಹಕ್ಕಿಯನ್ನು ಮತ್ತೆ ಎಬ್ಬಿಸಲು ಆಮ್ಲಜನಕದ ಸಣ್ಣ ಸಿಲಿಂಡರ್ ಕೂರಿಸಿದ ಪಂಜರಗಳೂ ಬಂದವು.

ಇದು ಗಣಿಯ ವಿಷಯ, ನಮಗೇಕೆ ಎನ್ನಬೇಡಿ. ಬಂಗಾರಪೇಟೆ, ಕೆಜಿಎಫ್ ಕಡೆ ಡಿಸೆಂಬರ್ ಚಳಿ ಚುರುಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟು ಮಲಗಿದರೆ, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಬಹಳ ಹೊತ್ತು ಸ್ನಾನ ಮಾಡಿದರೆ ಅದೇ ಅನಿಲ, ಅದೇ ಸಾವು. ಹೊರಗೆ ಆ್ಯಪ್ ಹಸಿರು ತೋರಿಸುತ್ತಲೇ ಇರುತ್ತದೆ.

ಮೂರು ಅಡಿಯ ವ್ಯತ್ಯಾಸ

ಹಾಲ್ಡೇನ್ ತಮ್ಮ ಮಗನನ್ನು ಚಿಕ್ಕಂದಿನಲ್ಲೇ ಗಣಿಗೆ ಇಳಿಸಿದ್ದರು. ಒಂದು ಕಡೆ ಹುಡುಗನನ್ನು ಎದ್ದು ನಿಂತು ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದ ಭಾಷಣ ಹೇಳು ಎಂದರು. ಹುಡುಗ ಶುರುಮಾಡಿದ, ಸ್ವಲ್ಪ ಹೊತ್ತಿಗೇ ಏದುಸಿರು ಬಂದು ಕಾಲು ಸೋತು ನೆಲಕ್ಕೆ ಬಿದ್ದ. ನೆಲದ ಮೇಲೆ ಉಸಿರು ಸರಾಗವಾಯಿತು. ಮೀಥೇನ್ ಹಗುರ ಅನಿಲ, ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ನಿಂತರೆ ಒಂದು ಗಾಳಿ, ಮಲಗಿದರೆ ಇನ್ನೊಂದು ಗಾಳಿ. ಇವತ್ತಿನ ತಂದೆ ಹೀಗೆ ಮಾಡಿದ್ದರೆ ನಾವೇ ದೂರು ಕೊಡುತ್ತಿದ್ದೆವು. ಆದರೆ ಹುಡುಗ ಆ ಪಾಠವನ್ನು ಮರೆಯಲಿಲ್ಲ. ಅವನೇ ಮುಂದೆ ತಳಿವಿಜ್ಞಾನದಲ್ಲಿ ಹೆಸರಾದ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಅಪ್ಪ ಗಣಿಯಿಂದ ಲಂಡನ್ನಿನ ಸುರಂಗ ರೈಲಿಗೂ ಹೋದರು. ಆಗ ನೆಲದಡಿಯ ರೈಲೂ ಉಗಿಬಂಡಿಯೇ. 1890ರ ದಶಕದಲ್ಲಿ ಓಡುವ ರೈಲಿನಿಂದಲೇ ಗಾಳಿಯ ಮಾದರಿ ಹಿಡಿದು, ಎಲ್ಲಿ, ಯಾವಾಗ ಹೊಗೆ ಹೆಚ್ಚು ಎಂದು ನೋಡಿದರು. ಆ ಮಾರ್ಗಕ್ಕೆ ವಿದ್ಯುತ್ ಬಂದದ್ದು 1905ರಲ್ಲಿ. ಸುಮಾರು ಅದೇ ಕಾಲಕ್ಕೆ, ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಉಗಿಬಂಡಿ ಓಡತೊಡಗಿ ಕೆಲವು ವರ್ಷ ಆಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗಳಿಗೆ ತಲುಪಿತು. ಏಷ್ಯಾದಲ್ಲೇ ಮೊದಲು ಕರೆಂಟು ಕಂಡ ಊರು ಕೆಜಿಎಫ್ ಎಂದು ಹರಿದಾಡುವ ಸಂದೇಶ ಸರಿಯಲ್ಲ, ಡಾರ್ಜಿಲಿಂಗಿಗೆ 1897ರಲ್ಲೇ ಜಲವಿದ್ಯುತ್ ಬಂದಿತ್ತು. ಅಷ್ಟು ದೂರ, ಸುಮಾರು 147 ಕಿ.ಮೀ., ತಂತಿಯಲ್ಲಿ ಸಾಗಿಸಿದ್ದೇ ಆ ಕಾಲಕ್ಕೆ ದೊಡ್ಡ ಸಾಹಸ.

ಕಾರ್ನ್‌ವಾಲ್‌ನ ಶ್ವಾಸಕೋಶಗಳು

ಕೆಜಿಎಫ್‌ಗೆ ಹತ್ತಿರವಾಗುವ ಅಧ್ಯಾಯ ಇದು. ಇಂಗ್ಲೆಂಡಿನ ಮೂಲೆಯಲ್ಲಿರುವ ಕಾರ್ನ್‌ವಾಲ್ ತವರ ಮತ್ತು ತಾಮ್ರದ ಗಣಿಗಳ ನಾಡು. ಅಲ್ಲಿನ ಗಣಿಗಾರರು ಕೆಲಸ ಹುಡುಕಿಕೊಂಡು ಜಗತ್ತೆಲ್ಲ ಹೋದರು, ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕೆಜಿಎಫ್‌ಗೂ ಬಂದರು. ಊರಲ್ಲಿ ಉಳಿದವರು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಂದ ಮರಳಿದವರು ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಕ್ಷಯ ಎಂದು ಬರೆದು ಮುಗಿಸುತ್ತಿದ್ದರು. ಹಾಲ್ಡೇನ್ ಮತ್ತು ಇಬ್ಬರು ಸಂಗಡಿಗರು 1904ರಲ್ಲಿ ಕೊಟ್ಟ ವರದಿ ಬೇರೆಯೇ ಹೇಳಿತು. ಎಲ್ಲ ಗಣಿಗಾರರೂ ಒಂದೇ ಪ್ರಮಾಣದಲ್ಲಿ ಸಾಯುತ್ತಿರಲಿಲ್ಲ. ಬಂಡೆ ಕೊರೆಯುವ ಯಂತ್ರ ಹಿಡಿದವರೇ ಬಹಳ ಮಂದಿ, ಅದೂ 40 ತುಂಬುವ ಮೊದಲೇ ಸಾಯುತ್ತಿದ್ದರು. ಡ್ರಿಲ್ಲಿನ ಬಾಯಿಂದ ಹಾರುವ ಕಲ್ಲಿನ ನುಣ್ಣನೆ ದೂಳು ಶ್ವಾಸಕೋಶವನ್ನು ಗಾಯಗೊಳಿಸುತ್ತಿತ್ತು. ಕ್ಷಯ ಆ ಗಾಯದ ಮೇಲೆ ಬಂದು ಕೂರುತ್ತಿತ್ತು. ಒಂದೇ ಗಣಿ, ಒಂದೇ ಶಿಫ್ಟು, ಆದರೆ ಡ್ರಿಲ್ಲಿನಿಂದ ಎಷ್ಟು ದೂರ ನಿಂತಿದ್ದೀರಿ ಎಂಬುದರ ಮೇಲೆ ಆಯುಷ್ಯ. ಪರಿಹಾರವಾಗಿ ಅವರು ಸೂಚಿಸಿದ್ದು ನೀರು. ಕೊರೆಯುವಾಗ ನೀರು ಚಿಮ್ಮಿಸಿ ದೂಳನ್ನು ಅಲ್ಲೇ ಕೂರಿಸಬೇಕು.

ಈ ಕಾಯಿಲೆಗೆ ಈಗ ಸಿಲಿಕೋಸಿಸ್ ಎನ್ನುತ್ತೇವೆ. ಭಾರತದಿಂದ ಅದರ ಬಗ್ಗೆ ಮೊದಲ ವೈದ್ಯಕೀಯ ವರದಿಗಳು ಹೊರಟದ್ದು 1940ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಕಲ್ಲಿನ ದೂಳು ಕೊಲ್ಲುತ್ತದೆ ಎಂದು ಕಾರ್ನ್‌ವಾಲ್ ವರದಿ ಹೇಳಿ ನಾಲ್ಕು ದಶಕ ಆದಮೇಲೆ. ಗಣಿಯ ಕ್ಯಾಪ್ಟನ್ನುಗಳು ಕಾರ್ನ್‌ವಾಲ್‌ನಿಂದ ಹಡಗು ಹತ್ತಿ ಬಂದರು, ಆ ವರದಿಯೂ ಅದೇ ಹಡಗು ಹತ್ತಬಹುದಿತ್ತಲ್ಲ ಎಂದು ಓದುವಾಗೆಲ್ಲ ನನಗನಿಸಿದೆ.

ಹಾಲ್ಡೇನ್ 1905ರಲ್ಲಿ ಬಿಸಿಯ ಬಗ್ಗೆ ಬರೆದದ್ದೂ ಕೆಜಿಎಫ್‌ಗೆ ಒಪ್ಪುವಂಥದ್ದೇ. ಸೆಕೆಯ ಗಾಳಿಯಲ್ಲಿ ಬರೀ ಉಷ್ಣಾಂಶ ನೋಡಿದರೆ ಸಾಲದು, ತೇವವನ್ನೂ ನೋಡಬೇಕು ಎಂದರು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 31 ಡಿಗ್ರಿ ದಾಟಿದರೆ, ಗಾಳಿ ಆಡದ ಕಡೆ ಸುಮ್ಮನೆ ಕೂತವರ ಮೈಯೂ ಬಿಸಿಯೇರತೊಡಗುತ್ತದೆ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋದ ಚಾಂಪಿಯನ್ ರೀಫಿನ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಮೀರಿತ್ತು. ತಂಪು ಗಾಳಿಯನ್ನು ಯಂತ್ರದಿಂದ ನೂಕದೆ ಅಲ್ಲಿ ಮನುಷ್ಯ ನಿಲ್ಲುವಂತೆಯೇ ಇರಲಿಲ್ಲ.

ಇಷ್ಟೆಲ್ಲ ಮಾಡಿದ ಮನುಷ್ಯ ಒಂದು ಕಡೆ ದೊಡ್ಡದಾಗಿ ಎಡವಿದರು. ಕಲ್ಲಿನ ದೂಳು ಕೆಟ್ಟದ್ದು, ಆದರೆ ಕಲ್ಲಿದ್ದಲ ದೂಳು ಶ್ವಾಸಕೋಶಕ್ಕೆ ಅಂಥ ಹಾನಿ ಮಾಡುವುದಿಲ್ಲ ಎಂದು ಕೊನೆಯವರೆಗೂ ನಂಬಿದ್ದರು. ಕಲ್ಲಿದ್ದಲು ಗಣಿಯ ಮಾಲೀಕರು ಸ್ಥಾಪಿಸಿದ ಸಂಶೋಧನಾಲಯಕ್ಕೆ ಅವರೇ ನಿರ್ದೇಶಕರಾಗಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಮಾತಿಗೆ ತೂಕವಿದ್ದವರ ತಪ್ಪಿಗೂ ತೂಕ ಜಾಸ್ತಿ. ಕಲ್ಲಿದ್ದಲ ದೂಳಿನಿಂದಲೂ ಶ್ವಾಸಕೋಶ ಹಾಳಾಗುತ್ತದೆಂದು ಬ್ರಿಟನ್ ಒಪ್ಪಿ ಪರಿಹಾರ ಕೊಡತೊಡಗಿದ್ದು 1940ರ ದಶಕದಲ್ಲಿ, ಅವರು ತೀರಿಕೊಂಡ ಮೇಲೆ.

ಉಳಿದ ಸಾಧನೆಗಳನ್ನು ಓಡುತ್ತ ಹೇಳುತ್ತೇನೆ. ಉಸಿರಾಟದ ವೇಗವನ್ನು ನಿಯಂತ್ರಿಸುವುದು ಮುಖ್ಯವಾಗಿ ರಕ್ತದ ಕಾರ್ಬನ್ ಡೈಆಕ್ಸೈಡ್ ಎಂದು 1905ರಲ್ಲಿ ತೋರಿಸಿದರು. ಮುಳುಗುಗಾರರು ಹಂತಹಂತವಾಗಿ ಮೇಲೇರಬೇಕಾದ ವೇಳಾಪಟ್ಟಿಯನ್ನು 1908ರಲ್ಲಿ ಸಿದ್ಧಪಡಿಸಿದರು. 1915ರಲ್ಲಿ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟಾಗ ಫ್ರಾನ್ಸಿಗೆ ಹೋಗಿ, ಅದು ಯಾವ ಅನಿಲ ಎಂದು ಗುರುತಿಸಿ, ಮುಖವಾಡ ರೂಪಿಸುವುದಕ್ಕೆ ಕೈಹಾಕಿದರು. ಅಲ್ಲೂ ತಮ್ಮ ಮೂಗೇ ಪ್ರಯೋಗಶಾಲೆ.

ಹಾಗಾದರೆ ಆ ನಂಬರ್ ಸುಳ್ಳೇ?

ಸುಳ್ಳಲ್ಲ, ಅದು ಬೇರೆಯವರ ಮೂಗಿನ ನಂಬರ್. ನಮ್ಮ ಜಿಲ್ಲೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರ ಇರುವುದು ಕೋಲಾರದ ಟಮಕ ಕೈಗಾರಿಕಾ ಪ್ರದೇಶದಲ್ಲಿ. ಕೆಜಿಎಫ್‌ಗೂ ಅಲ್ಲಿಗೂ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಅಂತರ. ಜೊತೆಗೆ ಸರ್ಕಾರದ ವಾಯು ಗುಣಮಟ್ಟ ಸೂಚ್ಯಂಕ ದೂಳಿನ ಮಟ್ಟಿಗೆ ಕಳೆದ 24 ಗಂಟೆಗಳ ಸರಾಸರಿ. ಬೆಳಿಗ್ಗೆ ಆರಕ್ಕೆ ಬಂಗಾರಪೇಟೆ ಸ್ಟೇಷನ್ ಹೊರಗೆ ಟಯರ್ ಉರಿಸಿ ಚಳಿ ಕಾಯಿಸುವವರ ಪಕ್ಕ ನೀವು ನಿಂತ ಹತ್ತು ನಿಮಿಷ ಅದರಲ್ಲಿ ಕಾಣುವುದಿಲ್ಲ.

ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ ಅತಿಸೂಕ್ಷ್ಮ ಕಣಗಳು, ಅಂದರೆ ಪಿಎಂ 2.5, ದಿನದ ಸರಾಸರಿಯಲ್ಲಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಒಂದೇ ಗಾಳಿಯನ್ನು ಒಂದು ಆ್ಯಪ್ ಹಸಿರೆಂದು, ಇನ್ನೊಂದು ಹಳದಿಯೆಂದು ತೋರಿಸುವುದಕ್ಕೆ ಇಂಥ ಅಳತೆಗೋಲುಗಳ ವ್ಯತ್ಯಾಸವೂ ಕಾರಣ.

ಗಾಳಿ ಏಕೆ ಬದಲಾಗುತ್ತದೆ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಂಪಾಗುತ್ತದೆ, ಅದರ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಒಲೆ, ಕಸ, ವಾಹನದ ಹೊಗೆ ಮೇಲೇಳದೆ ಬೀದಿಯಲ್ಲೇ ನಿಲ್ಲುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ. ಇನ್ನು ದೊಡ್ಡ ರಸ್ತೆಯ ಅಂಚಿನಲ್ಲಿರುವ ಹೊಗೆ ಕೆಲವು ನೂರು ಮೀಟರ್ ಒಳಗೆ ಹೋಗುವಷ್ಟರಲ್ಲಿ ಬಹಳ ಇಳಿದಿರುತ್ತದೆ. ರಸ್ತೆಗೆ ಮುಖ ಮಾಡಿದ ಅಂಗಡಿಯಲ್ಲಿ ಕೂತವರಿಗೂ ಹಿಂದಿನ ಬೀದಿಯ ಮನೆಯವರಿಗೂ ಒಂದೇ ನಂಬರ್ ಹೊಂದುವುದಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರ ಗಾಳಿ ಯಾವ ಊರಿನದು? ಅವರ ಹಗಲಿಗೆ ಒಂದು ನಂಬರ್, ರಾತ್ರಿಗೆ ಇನ್ನೊಂದು.

ಇನ್ನು ಸೈನೈಡ್ ದಿಬ್ಬ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅದು. 3 ಕೋಟಿ ಟನ್ನಿಗೂ ಹೆಚ್ಚು ಬಿದ್ದಿದೆ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಬಿಡಿ ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದು ಹೋಗುವ ವಸ್ತು, ದಿಬ್ಬದ ಪಕ್ಕ ಉಸಿರಾಡಿದ ಕೂಡಲೇ ಸಾಯುತ್ತಾರೆ ಎಂಬುದು ಸುಳ್ಳು. ಹೆಸರಿಗೆ ಹೆದರಿ ನಾವು ತಪ್ಪು ವಿಷವನ್ನು ಹುಡುಕುತ್ತಿದ್ದೇವೆ. ನಿಜವಾದ ತೊಂದರೆ ದೂಳೇ, ಸಿಲಿಕಾ ಇರುವ ನುಣ್ಣನೆಯ ಕಲ್ಲಿನ ಪುಡಿ. ಗಣಿಯೊಳಗೆ ವರ್ಷಗಟ್ಟಲೆ ಡ್ರಿಲ್ ಹಿಡಿದವರು ಸೇದಿದಷ್ಟು ಅಲ್ಲದಿದ್ದರೂ ಆಸ್ತಮಾ ಇದ್ದವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಅದು ಒಳ್ಳೆಯದಲ್ಲ. ಕರ್ಚೀಫು ಕಟ್ಟಿಕೊಂಡರೆ ದಪ್ಪ ದೂಳು ನಿಲ್ಲುತ್ತದೆ, ನುಣ್ಣನೆಯದು ನಿಲ್ಲುವುದಿಲ್ಲ. ಅದಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ದಿಬ್ಬದ ಮೇಲೆ ಬೈಕ್ ಓಡಿಸಿ ರೀಲ್ಸ್ ಮಾಡುವವರು ಅದೇ ಪುಡಿಯನ್ನು ಎಬ್ಬಿಸಿ ತಾವೂ ಸೇದಿ ಕೆಳಗಿನ ಮನೆಗಳಿಗೂ ಕಳಿಸುತ್ತಾರೆ.

ಆ ದೂಳಿಗೂ ಕಾಲವಿದೆ, ದಿಕ್ಕಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಲ್ಲಿ ಮಳೆ ಸುರಿಯುವಾಗ ನಮ್ಮ ಪೂರ್ವದ ಬಯಲಿಗೆ ಬರುವುದು ಮುಖ್ಯವಾಗಿ ಜೋರಾದ ಪಡುವಣ ಗಾಳಿ. ಆಗ ದಿಬ್ಬದ ಪೂರ್ವ ಪಕ್ಕದ ಬೀದಿಗಳಿಗೆ ಕಷ್ಟ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ತಿರುಗಿದಾಗ ಸರದಿ ಪಶ್ಚಿಮದವರದು. ಒಳ್ಳೆಯ ಮಳೆ ಬಿದ್ದರೆ ಕೆಲವು ದಿನ ಇಬ್ಬರಿಗೂ ನೆಮ್ಮದಿ.

ಹಾಲ್ಡೇನ್ ಸಾಯುವ ಮುನ್ನ ಮಾಡಿದ ಪ್ರಯಾಣವೂ ಕೆಟ್ಟ ಗಾಳಿ ಹುಡುಕಿಕೊಂಡೇ. ಪರ್ಷಿಯಾ ಮತ್ತು ಇರಾಕಿನ ತೈಲ ಕೇಂದ್ರಗಳಲ್ಲಿ ಬಿಸಿಗೆ ಕುಸಿಯುತ್ತಿದ್ದ ಕೆಲಸಗಾರರನ್ನು ನೋಡಲು 75ರ ವಯಸ್ಸಿನಲ್ಲಿ ಹೋಗಿ ಬಂದರು. ಮರಳಿದ ಮೇಲೆ ನ್ಯುಮೋನಿಯಾ ಹಿಡಿಯಿತು. 1936ರ ಮಾರ್ಚ್ ಮಧ್ಯದಲ್ಲಿ ಆಕ್ಸ್‌ಫರ್ಡ್‌ನ ಮನೆಯಲ್ಲಿ ತೀರಿಕೊಂಡರು.

ಅತ್ತೆಗೆ ನಾನು ಬರೆದ ಉತ್ತರ ಇಷ್ಟು. ಚಳಿಗಾಲದಲ್ಲಿ ಬೆಳಗಿನ ಹೊಗೆ ಕರಗಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ ಕಿಟಕಿ ತೆಗೆಯಿರಿ, ಅಕ್ಕಪಕ್ಕದಲ್ಲಿ ಕಸ ಸುಡುವ ಸಂಜೆ ಮುಚ್ಚಿ. ಆಷಾಢದ ಗಾಳಿಯಲ್ಲಿ ದಿಬ್ಬದ ಕಡೆಯ ಕಿಟಕಿ ಮಾತ್ರ ಮುಚ್ಚಿದರೆ ಸಾಕು. ಅಡುಗೆ ಮಾಡುವಾಗ ಅಡುಗೆಮನೆಯದು ಯಾವ ಕಾಲದಲ್ಲೂ ತೆರೆದಿರಲಿ. ಟೇಬಲ್ ಮೇಲಿನ ದೂಳನ್ನು ಕೊಡವಬೇಡಿ, ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೊನೆಯ ಮಾತಿಗೆ ಅತ್ತೆಯಿಂದ ವಾಯ್ಸ್ ಮೆಸೇಜ್ ಬಂತು. ಅದನ್ನು ಅವರು ಮದುವೆಯಾಗಿ ಬಂದ ದಿನದಿಂದಲೂ ಹಾಗೇ ಮಾಡುತ್ತಿದ್ದಾರಂತೆ. ಚಾಂಪಿಯನ್ ರೀಫಿನಲ್ಲಿ ಡ್ರಿಲ್ ಹಿಡಿಯುತ್ತಿದ್ದ ಅವರ ಮಾವ, ಒಣ ಬಟ್ಟೆ ಕೈಗೆತ್ತಿಕೊಂಡರೆ ಬಯ್ಯುತ್ತಿದ್ದರಂತೆ.